ಮಾಗಿಯಲ್ಲಿ ಖಾಲಿಯಾಗುವ ಪೆಟ್ಟಿಗೆ

ಟೇಕಲ್‌ನಲ್ಲಿ ಜೇನು ಚಳಿಗೆ ಸಾಯುವುದಿಲ್ಲ. ಮಾಲೂರು ದಾಟಿ ಬಂಗಾರಪೇಟೆ ಕಡೆ ಹೋಗುವ ರೈಲಿನ ಕಿಟಕಿಯಲ್ಲಿ ಕಾಣುವ ಬಂಡೆಗಲ್ಲಿನ ಗುಡ್ಡಗಳ ಊರು ಇದು. ಡಿಸೆಂಬರ್ ಕೊನೆಯಲ್ಲಿ ಇಲ್ಲಿ ಬೆಳಗಿನ ಮಂಜೂ ಇರುತ್ತದೆ, ಮೈನಡುಕವೂ ಇರುತ್ತದೆ. ಆದರೆ ಬಿಸಿಲು ಏರಿ ಬಂಡೆ ಕಾದ ಮೇಲೆ ತುಡುವೆ ಜೇನು ಎಂದಿನಂತೆ ಹೊರಗೆ ಹಾರುತ್ತದೆ. ಇದೇ ಜಾತಿಯ ಜೇನು ಹಿಮಾಚಲದ, ಕಾಶ್ಮೀರದ ಹಿಮ ಬೀಳುವ ಹಳ್ಳಿಗಳಲ್ಲಿ ಮನೆಗೋಡೆಯ ಗೂಡುಗಳಲ್ಲಿ ಚಳಿಗಾಲ ಕಳೆದು ವಸಂತಕ್ಕೆ ಎದ್ದು ಬರುತ್ತದೆ. ಅಂಥದ್ದು ನಮ್ಮ ಮಾಗಿಗೆ ಸೋಲುತ್ತದೆಯೇ?

ಆದರೂ ಪೆಟ್ಟಿಗೆ ಖಾಲಿಯಾದಾಗ ಊರಿನವರ ಬಾಯಲ್ಲಿ ಬರುವ ಮೊದಲ ಮಾತು ಚಳಿಯದ್ದೇ. ‘ಈ ಸಲ ಚಳಿ ಜಾಸ್ತಿ ಅಲ್ವಾ ಅಣ್ಣ, ಅದಕ್ಕೇ ಹೊಂಟೋದ್ವು’ ಅನ್ನುತ್ತಾರೆ. ದೀಪಾವಳಿಯಲ್ಲಿ ಗಿಜಿಗುಡುತ್ತಿದ್ದ ಕುಟುಂಬ ಸಂಕ್ರಾಂತಿಯ ಹೊತ್ತಿಗೆ ಇಲ್ಲವಾದರೆ ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. ಕಾರಣ ಚಳಿಯಲ್ಲ ಎಂದು ಗೊತ್ತಾಗಲು ಜಗತ್ತಿಗೆ ಬಹಳ ಕಾಲ ಹಿಡಿಯಿತು. ಗೊತ್ತಾದ ಮೇಲೂ ಆ ತಿಳಿವಳಿಕೆ ನಮ್ಮ ಪೆಟ್ಟಿಗೆಗಳ ತನಕ ಪೂರ್ತಿಯಾಗಿ ಬಂದಿಲ್ಲ. ಅದಕ್ಕಾಗಿಯೇ ಈ ಕತೆಯನ್ನು ಹೇಳಬೇಕೆನಿಸಿತು.

ಹವ್ಯಾಸಕ್ಕೆ ಜೇನು ಸಾಕುವವರ ದಿನಚರಿಯಲ್ಲಿ ನೋಡುವುದೇ ಮುಖ್ಯ ಕೆಲಸ. ಬೆಳಿಗ್ಗೆ ಪೆಟ್ಟಿಗೆಯ ಬಾಗಿಲಿನ ಪಕ್ಕ, ಹಾರುವ ದಾರಿಗೆ ಅಡ್ಡವಾಗದಂತೆ ಕೂರಬೇಕು. ಒಳಬರುವ ನೊಣಗಳ ಹಿಂಗಾಲಿನಲ್ಲಿ ಪರಾಗದ ಉಂಡೆ ಇದ್ದರೆ ಒಳಗೆ ಮರಿ ಇದೆ, ರಾಣಿ ಮೊಟ್ಟೆ ಇಡುತ್ತಿದ್ದಾಳೆ ಎಂದು ತಿಳಿಯಬಹುದು. ಸ್ಟ್ಯಾಂಡಿನ ಕಾಲುಗಳ ಕೆಳಗೆ ಇರುವೆಗೆಂದು ಇಟ್ಟ ಬಟ್ಟಲಲ್ಲಿ ನೀರು ಬತ್ತಿದ್ದರೆ ತುಂಬಿಸಬೇಕು. ಮೇಲೆ ಕರೆಂಟಿನ ತಂತಿಯಲ್ಲಿ ಕಳ್ಳಿಪೀರ ಹಕ್ಕಿಗಳು ಸಾಲಾಗಿ ಕೂತು ಒಂದೊಂದೇ ನೊಣ ಹಿಡಿಯುತ್ತಿರುತ್ತವೆ. ಅವುಗಳ ಪಾಲು ಅವುಗಳದು, ಓಡಿಸುವುದರಲ್ಲಿ ಅರ್ಥವಿಲ್ಲ. ವಾರಕ್ಕೊಮ್ಮೆ ಪೆಟ್ಟಿಗೆ ತೆರೆದು ತಳಹಲಗೆಯ ಕಸ ಕೆರೆದು ತೆಗೆದರೆ ಮೇಣದ ಹುಳು ನೆಲೆಯೂರುವುದಿಲ್ಲ. ನಮ್ಮಲ್ಲಿ ಹೆಚ್ಚಾಗಿ ಇರುವುದು ನ್ಯೂಟನ್ ಪೆಟ್ಟಿಗೆ. ತಿರುಚಿನಾಪಳ್ಳಿಯಲ್ಲಿದ್ದ ಫಾದರ್ ನ್ಯೂಟನ್ 1910ರ ದಶಕದಲ್ಲಿ ತುಡುವೆಯ ಮೈಯಳತೆ ನೋಡಿ ಮಾಡಿದ ಪುಟ್ಟ ಪೆಟ್ಟಿಗೆ ಅದು, ಮರಿ ಕೋಣೆಯಲ್ಲಿ ಏಳು ಚೌಕಟ್ಟು.

ಕೋಲಾರ ಸೀಮೆಯ ಹೂವಿನ ಲೆಕ್ಕ ತಿಳಿದವರಿಗೆ ಮಾಗಿಯ ಸಾವು ಇನ್ನೂ ವಿಚಿತ್ರವಾಗಿ ಕಾಣುತ್ತದೆ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ, ಬೇಸಿಗೆಯ ಕೊನೆಯಲ್ಲೂ ಜಡಿಮಳೆಯಲ್ಲೂ ಜೇನಿಗೆ ಮೇವು ಕಡಿಮೆ, ಆಗ ಸಕ್ಕರೆ ಪಾಕ ಕೊಡಬೇಕಾಗುತ್ತದೆ. ಮಾಗಿ ಹಾಗಲ್ಲ. ರಾಗಿ ಹೊಲದಲ್ಲಿ ಅಕ್ಕಡಿ ಸಾಲಿನ ಹುಚ್ಚೆಳ್ಳು ಹಳದಿಯಾಗಿ ಅರಳುತ್ತದೆ, ಅವರೆ ಹೂ ಬಿಡುತ್ತದೆ. ಜನವರಿಯಲ್ಲಿ ಮಾವು ಶುರುವಾಗಿ ಶ್ರೀನಿವಾಸಪುರದ ಕಡೆಯ ತೋಪುಗಳೆಲ್ಲ ಘಮಘಮಿಸುತ್ತವೆ. ಅದರ ಬೆನ್ನಿಗೆ ಹೊಂಗೆ, ಬೇವು. ಅಂದರೆ ಊಟ ಇರುವಾಗಲೇ ಕುಟುಂಬ ಅಳಿಯುತ್ತದೆ.

ಅಳಿಯುವ ರೀತಿ ಹೀಗೆ: ಮೊದಲು ಪರಾಗ ತರುವ ನೊಣಗಳು ಕಡಿಮೆಯಾಗುತ್ತವೆ. ಬಾಗಿಲ ಮುಂದೆ ಸತ್ತ ನೊಣಗಳ ರಾಶಿ ಇರುವುದಿಲ್ಲ. ದಿನ ಕಳೆದಂತೆ ಎರಿಯ ಮೇಲೆ ನೊಣ ತೆಳುವಾಗುತ್ತದೆ. ಒಂದು ಮಧ್ಯಾಹ್ನ ಉಳಿದವು ರಾಣಿಯ ಜೊತೆ ಹಾರಿಹೋಗುತ್ತವೆ, ಇಲ್ಲವೇ ಬೆರಳೆಣಿಕೆಯಷ್ಟು ಉಳಿದು ಮೇಣದ ಹುಳುವಿನ ಬಲೆಯಲ್ಲಿ ಮುಗಿಯುತ್ತವೆ. ಮಾವಿನ ಹೂವಿನ ಕಾಲದಲ್ಲಿ ಜಿಗಿಹುಳುವಿಗೆ ಹೊಡೆಯುವ ಔಷಧಿಯಿಂದ ಸಾಯುವ ಜೇನು ಬೇರೆ ರೀತಿ. ಅಲ್ಲಿ ಬಾಗಿಲ ಮುಂದೆಯೇ ದೊಡ್ಡ ನೊಣಗಳು ನಾಲಿಗೆ ಚಾಚಿ ಬಿದ್ದಿರುತ್ತವೆ. ಹಸಿವಿನಿಂದ ಸತ್ತವು ಖಾಲಿ ಕಣದೊಳಗೆ ತಲೆ ತೂರಿಸಿಕೊಂಡೇ ಸತ್ತಿರುತ್ತವೆ. ಮಾಗಿಯಲ್ಲಿ ಖಾಲಿಯಾದ ಪೆಟ್ಟಿಗೆಯಲ್ಲಿ ಇವೆರಡೂ ಕಾಣದಿದ್ದರೆ ದೊಡ್ಡ ನೊಣಗಳನ್ನು ಬಿಟ್ಟು ಎರಿಯ ಕಣಗಳೊಳಗೆ ಇಣುಕಬೇಕು. ಮರಿಗಳು ಅಲ್ಲಿ ಬೆನ್ನ ಮೇಲೆ ಉದ್ದಕ್ಕೆ ಮಲಗಿ, ತಲೆಯನ್ನು ದೋಣಿಯ ಮೂತಿಯಂತೆ ಮೇಲೆತ್ತಿ ಸತ್ತಿರುತ್ತವೆ. ಬೆಂಕಿಕಡ್ಡಿಯಿಂದ ಮೆಲ್ಲಗೆ ಎತ್ತಿದರೆ ಮರಿ ಇಡಿಯಾಗಿ ಹೊರಬರುತ್ತದೆ, ತೆಳು ಚರ್ಮದ ಚೀಲದೊಳಗೆ ನೀರು ತುಂಬಿಕೊಂಡು.

ಈ ನೀರಿನ ಚೀಲವನ್ನು ಮೊದಲು ಸರಿಯಾಗಿ ಓದಿದವರು ಅಮೆರಿಕದ ಕೃಷಿ ಇಲಾಖೆಯಲ್ಲಿದ್ದ ಗರ್ಶಮ್ ಫ್ರಾಂಕ್ಲಿನ್ ವೈಟ್. ಅವರಿಗಿಂತ ಮುಂಚೆ, 1896ರಲ್ಲಿ, ಟೆಕ್ಸಾಸ್‌ನ ವಿಲಿಯಂ ಹವರ್ಡ್ ಎಂಬವರು ಇಂಥ ಮರಿಗಳನ್ನು ಕಂಡು ಉಪ್ಪಿನಕಾಯಿಯಾದ ಮರಿ ಎಂಬರ್ಥದ ಹೆಸರಿಟ್ಟು, ಪರಾಗದಲ್ಲಿ ಬೆಳೆಯುವ ಬೂಷ್ಟು ಇದಕ್ಕೆ ಕಾರಣ ಎಂದಿದ್ದರು. ಆ ಕಾಲದಲ್ಲಿ ಜೇನು ಮರಿಗಳ ರೋಗವೆಲ್ಲ ಒಂದೇ ಎಂಬ ಗೊಂದಲವಿತ್ತು. ಕೊಳೆತು ನಾರುವ ರೋಗಗಳೇ ಎರಡು ಬಗೆಯವು ಎಂದು ಬಿಡಿಸಿ ಹೇಳಿದವರೂ ವೈಟ್ ಅವರೇ. ಅವುಗಳಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು. ಆದರೆ ಈ ಚೀಲದ ಮರಿಗಳನ್ನು ಎಷ್ಟು ಅರೆದು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೂ ಬ್ಯಾಕ್ಟೀರಿಯಾ ಕಾಣಲಿಲ್ಲ, ಬೂಷ್ಟೂ ಕಾಣಲಿಲ್ಲ. ಆ ಮರಿಗಳು ನಾರುವುದೂ ಇಲ್ಲ.

ಏನೂ ಕಾಣದಿದ್ದಾಗ ಹೆಚ್ಚಿನವರು ಹವೆ, ಚಳಿ, ತೇವ ಎಂದು ಬರೆದು ಕಡತ ಮುಚ್ಚುತ್ತಾರೆ. ವೈಟ್ ಹಾಗೆ ಮಾಡಲಿಲ್ಲ. ಸತ್ತ ಮರಿಗಳನ್ನು ಅರೆದು ನೀರಿನಲ್ಲಿ ಕದಡಿ, ಬ್ಯಾಕ್ಟೀರಿಯಾ ದಾಟಲಾಗದಂಥ ಮಣ್ಣಿನ ಸೋಸುಕದಲ್ಲಿ ಸೋಸಿದರು. ಕೆಳಗಿಳಿದ ತಿಳಿಯನ್ನು ಸಕ್ಕರೆ ಪಾಕಕ್ಕೆ ಬೆರೆಸಿ ಆರೋಗ್ಯವಾಗಿದ್ದ ಕುಟುಂಬಗಳಿಗೆ ಕುಡಿಸಿದರು. ಒಂದು ವಾರದ ಆಸುಪಾಸಿನಲ್ಲಿ ಆ ಕುಟುಂಬಗಳ ಎರಿಯಲ್ಲೂ ಅದೇ ನೀರಿನ ಚೀಲಗಳು ಕಾಣಿಸಿದವು. ಕಣ್ಣಿಗೆ ಕಾಣದ, ಸೋಸುಕಕ್ಕೆ ಸಿಗದ, ಆದರೆ ಒಂದರಿಂದ ಇನ್ನೊಂದಕ್ಕೆ ದಾಟುವ ಏನೋ ಒಂದು ಅದರಲ್ಲಿದೆ ಎಂಬುದು ಹೀಗೆ 1913ರಲ್ಲಿ ಗೊತ್ತಾಯಿತು. ಸ್ಯಾಕ್‌ಬ್ರೂಡ್ ಎಂಬ ಹೆಸರನ್ನೂ ಅವರೇ ಇಟ್ಟರು. 1917ರ ತಮ್ಮ ವಿವರವಾದ ವರದಿಯಲ್ಲಿ ಆ ಕಾಣದ ವಸ್ತುವಿನ ಆಯಸ್ಸನ್ನೂ ಅಳೆದಿಟ್ಟರು. ನೀರಿನಲ್ಲಿ 59 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಹತ್ತು ನಿಮಿಷದಲ್ಲಿ ಅದು ನಾಶವಾಗುತ್ತದೆ, ಒಣಗಿದರೆ ಮೂರು ವಾರದ ಆಚೀಚೆ ಬಲ ಕಳೆದುಕೊಳ್ಳುತ್ತದೆ, ನೇರ ಬಿಸಿಲಿನಲ್ಲಿ ಕೆಲವೇ ಗಂಟೆ ಉಳಿಯುತ್ತದೆ. ನೂರು ವರ್ಷದ ಹಿಂದಿನ ಆ ಅಂಕಿಗಳು ಬಿಸಿಲಿನ ಸೀಮೆಯಾದ ನಮಗೆ ಇವತ್ತಿಗೂ ಕೆಲಸಕ್ಕೆ ಬರುತ್ತವೆ. ಈ ರೋಗ ಕುಟುಂಬವನ್ನು ಬಡವಾಗಿಸುತ್ತದೆ, ಆದರೆ ಸಾಮಾನ್ಯವಾಗಿ ಕೊಲ್ಲುವುದಿಲ್ಲ ಎಂದೂ ವೈಟ್ ಬರೆದರು. ಅವರು ನೋಡುತ್ತಿದ್ದದ್ದು ಯುರೋಪಿನ ಜೇನನ್ನು, ನಾವು ಈಗ ಮೆಲ್ಲಿಫೆರಾ ಅನ್ನುವ ಜಾತಿಯನ್ನು. ಆ ಜಾತಿಯ ಮಟ್ಟಿಗೆ ಮಾತು ಸರಿಯಾಗಿತ್ತು.

ಆ ಕಾಣದ ವಸ್ತುವನ್ನು ವೈರಸ್ ಎಂದು ಬೇರ್ಪಡಿಸಿ ತೋರಿಸಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಲೆಸ್ಲಿ ಬೈಲಿ ಮತ್ತು ಜೊತೆಗಾರರು 1964ರಲ್ಲಿ ಅದನ್ನು ಶುದ್ಧರೂಪದಲ್ಲಿ ಹಿಡಿದರು. ಬೈಲಿಯವರ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಅದರ ಮುಂದಿನ ಭಾಗ. ಮರಿ ಸಾಯುವುದು ಹೇಗೆ ಎಂಬುದು ಸುಲಭ. ಪೊರೆ ಕಳಚಿ ಕೋಶಾವಸ್ಥೆಗೆ ಹೋಗಬೇಕಾದ ಹೊತ್ತಿಗೆ ಮರಿಗೆ ಹಳೆಯ ಚರ್ಮ ಬಿಡಿಸಿಕೊಳ್ಳಲು ಆಗುವುದಿಲ್ಲ, ಎರಡು ಚರ್ಮಗಳ ನಡುವೆ ದ್ರವ ತುಂಬುತ್ತದೆ, ಅದೇ ಚೀಲ. ಆದರೆ ದೊಡ್ಡ ನೊಣಗಳು ಸಾಯದೆ ಕುಟುಂಬ ಏಕೆ ಕರಗುತ್ತದೆ? ಸತ್ತ ಮರಿಯನ್ನು ಎತ್ತಿ ಹೊರಹಾಕುವ ಎಳೆಯ ದಾದಿ ನೊಣಗಳಿಗೆ ವೈರಸ್ ಹತ್ತುತ್ತದೆ. ಅವುಗಳ ತಲೆಯಲ್ಲಿ ಮರಿಗೆ ಹಾಲೂಡುವ ಗ್ರಂಥಿಗಳಿವೆಯಲ್ಲ, ಅಲ್ಲೇ ಅದು ಸೇರಿಕೊಳ್ಳುತ್ತದೆ. ಆ ಹಾಲಿನಿಂದ ಮತ್ತೆ ಮರಿಗೆ. ದಾದಿಗಳ ಮೈಮೇಲೆ ಯಾವ ಗುರುತೂ ಇರುವುದಿಲ್ಲ, ಆದರೆ ನಡವಳಿಕೆ ಬದಲಾಗುತ್ತದೆ. ಪರಾಗ ತಿನ್ನುವುದನ್ನು ಬಿಡುತ್ತವೆ, ಮರಿ ಸಾಕುವುದನ್ನು ಬೇಗ ನಿಲ್ಲಿಸಿ ವಯಸ್ಸಿಗೆ ಮುಂಚೆಯೇ ಹೊರಗೆ ದುಡಿಯಲು ಹೋಗುತ್ತವೆ, ಹೋದರೂ ಪರಾಗ ತರುವುದು ಅಪರೂಪ, ಬಾಳುವುದೂ ಕಡಿಮೆ. 1970ರ ದಶಕದ ಮೊದಲಲ್ಲಿ ಬೈಲಿ ಮತ್ತು ಫರ್ನಾಂಡೊ ಇದನ್ನು ತೋರಿಸಿದರು. ಬಾಗಿಲ ಪಕ್ಕ ಕೂತು ಪರಾಗದ ಉಂಡೆ ನೋಡುವ ಹವ್ಯಾಸಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ. ಹೊರಗೆ ಹುಚ್ಚೆಳ್ಳು ಅರಳಿದ್ದೂ ನೊಣ ಬರಿಗಾಲಲ್ಲಿ ಬರುತ್ತಿದ್ದರೆ ರೋಗ ಒಳಗೆ ಶುರುವಾಗಿರಬಹುದು, ಪೆಟ್ಟಿಗೆ ಖಾಲಿಯಾಗುವ ಎಷ್ಟೋ ದಿನ ಮುಂಚೆಯೇ.

ಮೆಲ್ಲಿಫೆರಾ ಕುಟುಂಬದಲ್ಲಿ ಇದೇ ನಡವಳಿಕೆ ರೋಗಕ್ಕೆ ಕಡಿವಾಣವೂ ಆಗುತ್ತದೆ. ಸೋಂಕು ತಗುಲಿದ ದಾದಿ ಬೇಗನೆ ಮರಿಗಳಿಂದ ದೂರ ಹೋಗುವುದರಿಂದ ಹರಡುವಿಕೆ ತಾನಾಗಿ ತಗ್ಗುತ್ತದೆ. ಹೀಗಾಗಿ ಜಗತ್ತು ಈ ರೋಗವನ್ನು ಸಣ್ಣದೆಂದೇ ಎಣಿಸಿತ್ತು.

1976ರಲ್ಲಿ ಥಾಯ್ಲೆಂಡಿನಲ್ಲಿ ತುಡುವೆ ಜಾತಿಯ ಜೇನಿನಲ್ಲಿ ಅದೇ ನೀರಿನ ಚೀಲಗಳು ಕಂಡಾಗ ಲೆಕ್ಕ ತಪ್ಪಿತು. ಇಲ್ಲಿ ಕುಟುಂಬಗಳು ಸೊರಗಿ ಸುಧಾರಿಸಿಕೊಳ್ಳಲಿಲ್ಲ, ನಾಶವಾದವು. ಮಾದರಿಗಳು ರಾಥಮ್‌ಸ್ಟೆಡ್ ತಲುಪಿದವು. ಇದು ಹಳೆಯ ವೈರಸ್ಸಿಗೆ ಹತ್ತಿರದ ನೆಂಟ, ಆದರೆ ಅದೇ ಅಲ್ಲ ಎಂದು ಬೈಲಿ, ಕಾರ್ಪೆಂಟರ್ ಮತ್ತು ವುಡ್ಸ್ 1982ರಲ್ಲಿ ಪ್ರಕಟಿಸಿದರು. ಥಾಯ್ ಸ್ಯಾಕ್‌ಬ್ರೂಡ್ ಎಂಬ ಹೆಸರು ಬಂದದ್ದು ಹಾಗೆ. ಅಷ್ಟರಲ್ಲಿ ಅದು ಈಶಾನ್ಯ ಭಾರತಕ್ಕೆ ಬಂದು, ಹಿಮಾಲಯದ ತಪ್ಪಲಿನ ಜೇನುಗಳನ್ನು ಬಡಿಯತೊಡಗಿತ್ತು. ದಕ್ಷಿಣ ಭಾರತ ಇನ್ನೂ ಸುರಕ್ಷಿತವಾಗಿತ್ತು.

1991–92ರಲ್ಲಿ ಆ ನೆಮ್ಮದಿ ಮುಗಿಯಿತು. ಕನ್ಯಾಕುಮಾರಿ, ಕೇರಳದ ಕಡೆಯಿಂದ ಸುದ್ದಿ ಬಂದು, ನೋಡನೋಡುತ್ತಿದ್ದಂತೆ ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡದ ತೋಟಗಳಲ್ಲಿ ಪೆಟ್ಟಿಗೆಗಳು ಬರಿದಾದವು. ದಕ್ಷಿಣದಲ್ಲಿ ಪೆಟ್ಟಿಗೆಯಲ್ಲಿ ಸಾಕಿದ್ದ ತುಡುವೆ ಕುಟುಂಬಗಳಲ್ಲಿ ಶೇಕಡಾ 90ಕ್ಕೂ ಹೆಚ್ಚು ಅಳಿದವು. ಕೊಡಗಿನ ಜೇನು ಎಂದರೆ ನಾಡಿಗೆಲ್ಲ ಹೆಸರು, ಭಾಗಮಂಡಲದ ಹೆಸರು ಕೇಳಿದರೆ ಜೇನಿನ ಸೀಸೆ ನೆನಪಾಗುತ್ತಿದ್ದ ಕಾಲ. ಅಂಥ ಕಡೆ ಸೊಸೈಟಿಗೆ ಜೇನು ಹಾಕುತ್ತಿದ್ದ ಮನೆಗಳ ಹಿತ್ತಿಲಲ್ಲಿ ಖಾಲಿ ಪೆಟ್ಟಿಗೆಗಳು ಮಳೆಗೆ ನೆನೆಯುತ್ತಾ ಬಿದ್ದವು. ಆ ನಷ್ಟವನ್ನು ಬರೀ ತುಪ್ಪದ ಲೆಕ್ಕದಲ್ಲಿ ನೋಡಬಾರದು. ಏಲಕ್ಕಿ, ಕಾಫಿ, ಕಾಡುಹಣ್ಣು ಎಲ್ಲಕ್ಕೂ ಜೇನು ಬೇಕು. ಒಂದು ತಲೆಮಾರಿನ ಜೇನು ಸಾಕಣೆಯ ಕೈಚಳಕವೂ ಆ ಎರಡು ಮೂರು ವರ್ಷಗಳಲ್ಲಿ ಕೈಬಿಟ್ಟುಹೋಯಿತು, ಬೇಸರಗೊಂಡ ಅನೇಕರು ಮತ್ತೆ ಪೆಟ್ಟಿಗೆ ಮುಟ್ಟಲಿಲ್ಲ.

ರೋಗ ಇಷ್ಟು ಬೇಗ ಹರಡಲು ನೊಣದ ರೆಕ್ಕೆಯೊಂದೇ ಸಾಲದು. ಬೈಲಿಯವರ ಅಂದಾಜಿನಲ್ಲಿ ಸತ್ತ ಒಂದೇ ಮರಿಯೊಳಗಿನ ವೈರಸ್ ಸಾವಿರಕ್ಕೂ ಹೆಚ್ಚು ಕುಟುಂಬಗಳ ಮರಿಗಳಿಗೆಲ್ಲ ಸೋಂಕು ತರಲು ಸಾಕು. ಬಡವಾದ ಪೆಟ್ಟಿಗೆಯನ್ನು ಬಲವಾದ ಪೆಟ್ಟಿಗೆಯ ನೊಣಗಳು ದೋಚುತ್ತವೆ. ಪಾಪ, ಸೊರಗಿದೆಯೆಂದು ಸಾಕುವವರೇ ಇನ್ನೊಂದರಿಂದ ಮರಿ ಎರಿ ತಂದು ಕೊಡುತ್ತಾರೆ, ಅದೇ ಕೈಯಿಂದ ಮತ್ತೊಂದು ಪೆಟ್ಟಿಗೆ ತೆರೆಯುತ್ತಾರೆ. ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಕುಟುಂಬಗಳನ್ನು ಮಾರುತ್ತಾರೆ. ಪ್ರೀತಿಯಿಂದಲೂ ವ್ಯಾಪಾರದಿಂದಲೂ ರೋಗ ಲಾರಿ ಹತ್ತುತ್ತದೆ.

ಈ ಕತೆಗೆ ತಿರುಗುಮುರುಗಾದ ಇನ್ನೊಂದು ಕತೆಯಿದೆ, ಅದನ್ನು ಪಕ್ಕದಲ್ಲಿಟ್ಟರೆ ಮಾತ್ರ ಇದು ಪೂರ್ತಿ ಅರ್ಥವಾಗುತ್ತದೆ. ಯುರೋಪು, ಅಮೆರಿಕಗಳಲ್ಲಿ ಚಳಿಗಾಲದ ಜೇನು ನಷ್ಟಕ್ಕೆ ದೊಡ್ಡ ಕಾರಣ ವರೋವಾ ಎಂಬ ನುಸಿ. ಅದು ಮೂಲದಲ್ಲಿ ನಮ್ಮ ತುಡುವೆಯ ಜೊತೆಗಾರ. ಎಡ್ವರ್ಡ್ ಜೇಕಬ್‌ಸನ್ ಜಾವಾ ದ್ವೀಪದ ತುಡುವೆಯ ಮೇಲೆ ಹಿಡಿದುಕೊಟ್ಟ ನುಸಿಗೆ 1904ರಲ್ಲಿ ಔಡೆಮಾನ್ಸ್ ಹೆಸರಿಟ್ಟರು. ತುಡುವೆ ಅದಕ್ಕೆ ಹೆದರುವುದಿಲ್ಲ. ಮೈಮೇಲೆ ಹತ್ತಿದ ನುಸಿಯನ್ನು ತಾನೂ ಕೊಡವುತ್ತದೆ, ಪಕ್ಕದ ನೊಣಗಳೂ ಬಂದು ಕಚ್ಚಿ ತೆಗೆಯುತ್ತವೆ. ಇದನ್ನು ಕ್ರಿಸ್ಟೀನ್ ಪೆಂಗ್ ಮತ್ತು ಚೀನಾದ ಸಂಶೋಧಕರು 1987ರಲ್ಲಿ ವಿವರವಾಗಿ ದಾಖಲಿಸಿದರು. ನುಸಿ ಮರಿ ಹಾಕುವುದೂ ಗಂಡು ನೊಣದ ಕಣಗಳಲ್ಲಿ ಮಾತ್ರ. ಮನುಷ್ಯರು ಮೆಲ್ಲಿಫೆರಾ ಪೆಟ್ಟಿಗೆಗಳನ್ನು ಏಷ್ಯಾಕ್ಕೆ ತಂದಾಗ ನುಸಿ ಅದಕ್ಕೆ ದಾಟಿತು. ಅಲ್ಲಿ ಅದನ್ನು ತಡೆಯುವ ಅಭ್ಯಾಸವಿರಲಿಲ್ಲ, ಕೆಲಸಗಾರ ನೊಣಗಳ ಕಣಗಳಲ್ಲೂ ಬೆಳೆಯಿತು. ಶರತ್ಕಾಲದಲ್ಲಿ ನುಸಿ ಕಚ್ಚಿದ ಮರಿಗಳು ಚಳಿಗಾಲ ದಾಟುವಷ್ಟು ಬಾಳುವುದಿಲ್ಲ, ಹಿಮದ ನಡುವೆ ಪೆಟ್ಟಿಗೆ ಬರಿದಾಗುತ್ತದೆ. ಅಲ್ಲಿಯವರೂ ಬಹುಕಾಲ ಚಳಿಯನ್ನೇ ದೂರಿದರು.

ಆ ನುಸಿಯ ಗುರುತು ಸರಿಯಾಗಿ ಸಿಕ್ಕಿದ್ದು 2000ನೇ ಇಸವಿಯಲ್ಲಿ. ಜಾವಾದ ನುಸಿ ಮೆಲ್ಲಿಫೆರಾ ಮೇಲೆ ಸಂತಾನ ಬೆಳೆಸುತ್ತಿಲ್ಲ ಎಂಬುದು ಆಸ್ಟ್ರೇಲಿಯಾದ ಡೆನಿಸ್ ಆಂಡರ್ಸನ್ ಅವರ ಕಣ್ಣಿಗೆ ಬಿದ್ದಿತ್ತು. ಹಾಗಾದರೆ ಜಗತ್ತಿನ ಪೆಟ್ಟಿಗೆಗಳನ್ನು ಖಾಲಿ ಮಾಡುತ್ತಿರುವುದು ಯಾವುದು? ಅವರೂ ಟ್ರೂಮನ್ ಅವರೂ ವಂಶವಾಹಿಗಳನ್ನು ಹೋಲಿಸಿ ಅದು ಬೇರೆಯದೇ ಜಾತಿ ಎಂದು ತೋರಿಸಿ, ವರೋವಾ ಡಿಸ್ಟ್ರಕ್ಟರ್ ಎಂದು ಹೊಸ ಹೆಸರು ಕೊಟ್ಟರು. ಅದು ನೊಣದ ರಕ್ತ ಹೀರುತ್ತದೆ ಎಂದು ಎಲ್ಲರೂ ನಂಬಿದ್ದರು. ದೊಡ್ಡ ನೊಣಗಳಲ್ಲಿ ಅದು ಮುಖ್ಯವಾಗಿ ತಿನ್ನುವುದು ಮೈಯ ಕೊಬ್ಬಿನ ಅಂಗಾಂಶವನ್ನು ಎಂದು ಸ್ಯಾಮ್ಯುಯೆಲ್ ರಾಮ್ಸೆ ಮತ್ತು ಜೊತೆಗಾರರು 2019ರಲ್ಲಿ ತೋರಿಸಿದರು.

ಎರಡು ಕತೆಗಳಲ್ಲೂ ಇರುವುದು ಅದೇ ಎರಡು ಜೇನು. ನುಸಿ ತುಡುವೆಗೆ ಹಳೆಯದು, ಅದು ತಡೆದುಕೊಳ್ಳುತ್ತದೆ, ಮೆಲ್ಲಿಫೆರಾ ಸಾಯುತ್ತದೆ. ನೀರಿನ ಚೀಲದ ರೋಗವನ್ನು ಮೆಲ್ಲಿಫೆರಾ ತಡೆದುಕೊಳ್ಳುತ್ತದೆ, ತುಡುವೆ ಸಾಯುತ್ತದೆ. 1992ರ ನಂತರ ಕರ್ನಾಟಕದ ಬಯಲುಸೀಮೆಗೆ ಮೆಲ್ಲಿಫೆರಾ ಪೆಟ್ಟಿಗೆಗಳು ಬಂದವು, ಸೂರ್ಯಕಾಂತಿ, ನೀಲಗಿರಿ ಹೂವಿನ ಹಿಂದೆ ಊರೂರು ಸುತ್ತುತ್ತವೆ. ಅವು ಬಂದದ್ದು ತಪ್ಪೆಂದು ನಾನು ಹೇಳುವುದಿಲ್ಲ, ಎಷ್ಟೋ ಮನೆಗಳಿಗೆ ಅವು ಅನ್ನ. ಆದರೆ ಅವುಗಳಿಗೆ ವರ್ಷವರ್ಷ ನುಸಿಗೆ ಚಿಕಿತ್ಸೆ ಬೇಕು. ತುಡುವೆಗೆ ಬೇಕಿಲ್ಲ.

ತುಡುವೆ ವಾಪಸಾದದ್ದು ಯಾವ ಔಷಧಿಯಿಂದಲೂ ಅಲ್ಲ. ಬಂಡೆಯ ಬಿರುಕಿನಲ್ಲಿ, ಹುತ್ತದಲ್ಲಿ, ಮರದ ಪೊಟರೆಯಲ್ಲಿದ್ದ ಕುಟುಂಬಗಳಿಗೂ ರೋಗ ಬಂತು. ತಡೆಯಲಾಗದವು ಹೋದವು, ಸತ್ತ ಮರಿಯನ್ನು ಬೇಗ ಪತ್ತೆಹಚ್ಚಿ ಹೊರಹಾಕುವಂಥವು, ಹೇಗೋ ತಾಳಿಕೊಂಡವು ಉಳಿದವು. ಅವುಗಳ ಮೊಮ್ಮಕ್ಕಳೇ ಇವತ್ತು ಟೇಕಲ್‌ನ ಗುಡ್ಡಗಳಲ್ಲಿ ಹಾರುವ ತುಡುವೆಗಳು. ರೋಗ ಮಾತ್ರ ಹೋಗಿಲ್ಲ. ಎರಿಯಲ್ಲಿ ಮರಿ ಹೆಚ್ಚಿದಾಗ ವೈರಸ್ಸಿಗೂ ಮೇವು ಹೆಚ್ಚುತ್ತದೆ, ಹುಚ್ಚೆಳ್ಳಿನ ಪರಾಗ ಉಂಡು ಕುಟುಂಬ ಬೆಳೆಯುವ ದಿನಗಳಲ್ಲೇ ಅದು ತಲೆಯೆತ್ತುತ್ತದೆ. ದೀಪಾವಳಿಗೆ ಬಲವಾಗಿದ್ದದ್ದು ಸಂಕ್ರಾಂತಿಗೆ ಬರಿದಾಗುವ ಒಗಟಿಗೆ ನನಗೆ ಸಿಕ್ಕಿರುವ ಉತ್ತರ ಇದು.

ಆದ್ದರಿಂದ ಜೇನು ಸಾಕುವ ಗೆಳೆಯರಲ್ಲಿ ನನ್ನ ಕೇಳಿಕೆ ಇಷ್ಟೆ. ಮಾಗಿಯಲ್ಲಿ ಪರಾಗ ಬರುವುದು ತಗ್ಗಿದರೆ ಚಳಿ ಎಂದುಕೊಂಡು ಸುಮ್ಮನಾಗಬೇಡಿ, ಎರಿ ತೆಗೆದು ಕಣಗಳೊಳಗೆ ನೋಡಿ. ತಲೆಯೆತ್ತಿ ಸತ್ತ ಮರಿ ಕಂಡರೆ ಆ ಪೆಟ್ಟಿಗೆಯ ಎರಿಯನ್ನಾಗಲಿ, ಜೇನನ್ನಾಗಲಿ, ನೊಣವನ್ನಾಗಲಿ ಇನ್ನೊಂದಕ್ಕೆ ಕೊಡಬೇಡಿ. ರೋಗದ ಎರಿ ಸುಟ್ಟುಹಾಕಿ, ಖಾಲಿ ಪೆಟ್ಟಿಗೆಯನ್ನು ಕೆರೆದು ದಿನಗಟ್ಟಲೆ ಬಿಸಿಲಿಗಿಡಿ. ಕುಟುಂಬ ಇನ್ನೂ ಉಳಿದಿದ್ದರೆ ರಾಣಿಯನ್ನು ಕೆಲವು ದಿನ ಪಂಜರದಲ್ಲಿಟ್ಟು ಮೊಟ್ಟೆ ನಿಲ್ಲಿಸಿ, ಹೊಸ ಮರಿ ಇಲ್ಲದಿದ್ದರೆ ವೈರಸ್ಸಿಗೆ ದಾರಿ ಕಡಿಯುತ್ತದೆ. ರೋಗದ ನಡುವೆಯೂ ಬಲವಾಗಿ ನಿಂತ ಕುಟುಂಬ ಯಾವುದೆಂದು ಗುರುತಿಟ್ಟುಕೊಂಡು ಪಾಲು ಮಾಡುವಾಗ ಅದರಿಂದಲೇ ಮಾಡಿ. ದೂರದ ಜಿಲ್ಲೆಯಿಂದ ಕುಟುಂಬ ತರಿಸಬೇಡಿ, ನಮ್ಮ ಬಂಡೆಗಳಲ್ಲೇ ತಾಳಿಕೊಂಡು ಬಂದ ತುಡುವೆ ಇದೆ, ಅದನ್ನು ಕರೆದು ಕೂರಿಸಿ. ಅನುಮಾನವಿದ್ದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ಜೇನು ಕೃಷಿ ವಿಭಾಗದವರಿಗೆ ಸತ್ತ ಮರಿಯಿರುವ ಎರಿಯ ತುಂಡನ್ನು ತೋರಿಸಿ. ಥಾಯ್ ಸ್ಯಾಕ್‌ಬ್ರೂಡ್‌ಗೆ ಸಾಕುವವರ ಕೈಗೆ ಸಿಗುವಂಥ ಔಷಧಿ ಇವತ್ತಿಗೂ ಇಲ್ಲ.